ಆಪ್ ಇನ್ವೆಂಟರ್‌ನಲ್ಲಿ ಅಲರ್ಟ್ ಸದ್ದು: ಬಾರಿಸುವುದು ಸುಲಭ, ನಿಲ್ಲಿಸುವುದು ಹೇಗೆ?

ಆಪ್ ಇನ್ವೆಂಟರ್ ಕಲಿಯುವವರ ಮೊದಲ ಆಪ್ ಸಾಮಾನ್ಯವಾಗಿ ಬೆಕ್ಕಿನದ್ದು. ಚಿತ್ರ ಮುಟ್ಟಿದರೆ ಮಿಯಾಂವ್ ಅನ್ನುತ್ತದೆ, ಎಲ್ಲರಿಗೂ ಖುಷಿ. ತೊಂದರೆ ಶುರುವಾಗುವುದು ಅದೇ ಸದ್ದನ್ನು ಕೆಲಸಕ್ಕೆ ಬರುವ ಆಪ್‌ಗೆ ಹಾಕಿದಾಗ. ಟೈಮರ್ ಮುಗಿದ ಮೇಲೂ ಕೂಗು ನಿಲ್ಲುವುದಿಲ್ಲ. ಫೋನ್ ಸೈಲೆಂಟ್‌ನಲ್ಲಿದ್ದರೂ ಕ್ಲಾಸಿನ ಮಧ್ಯೆ ಜೋರಾಗಿ ಬಾರಿಸುತ್ತದೆ. ಸದ್ದು ಕಡಿಮೆ ಮಾಡೋಣ ಅಂದರೆ ಅದಕ್ಕೆ ಜಾಗವೇ ಕಾಣುವುದಿಲ್ಲ. ಇಂಥ ಆಪನ್ನು ಯಾರೂ ಒಂದು ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳುವುದಿಲ್ಲ.

ಆಪ್ ಇನ್ವೆಂಟರನ್ನು 2010ರಲ್ಲಿ ಹೊರತಂದದ್ದು ಗೂಗಲ್. 2012ರಿಂದ ಅಮೆರಿಕದ ಎಂಐಟಿ ನಡೆಸುತ್ತಿದೆ. ಕೋಡ್ ಟೈಪ್ ಮಾಡುವ ಬದಲು ಬ್ಲಾಕ್‌ಗಳನ್ನು ಜೋಡಿಸಿ ಆಪ್ ಮಾಡುವ ಉಚಿತ ಸಾಧನ ಇದು. ಬ್ಲಾಕ್‌ಗಳ ಹೆಸರು ಪರದೆಯ ಮೇಲೆ ಇಂಗ್ಲಿಷ್‌ನಲ್ಲಿ ಇರುತ್ತವೆ. ಅವನ್ನೇ ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ, ಓದುತ್ತಾ ಹುಡುಕಿಕೊಳ್ಳಬಹುದು. ಇಲ್ಲಿ ಹೇಳಿರುವುದೆಲ್ಲ ಆಂಡ್ರಾಯ್ಡ್ ಫೋನಿಗೆ.

ಉದಾಹರಣೆಗೆ ನೀರಿನ ಮೋಟಾರ್ ಟೈಮರ್ ಮಾಡೋಣ. ಸಂಪ್‌ನಿಂದ ಮೇಲಿನ ಟ್ಯಾಂಕಿಗೆ ನೀರು ಬಿಟ್ಟು ಮರೆತು, ಟ್ಯಾಂಕ್ ತುಂಬಿ ಮಹಡಿಯಿಂದ ಸುರಿಯುವುದು ಯಾರ ಮನೆಯಲ್ಲಿ ಆಗಿಲ್ಲ ಹೇಳಿ? ಮೋಟಾರ್ ಹಾಕಿದಾಗ ಒಂದು ಬಟನ್ ಒತ್ತಬೇಕು. 20 ನಿಮಿಷ ಆದ ಮೇಲೆ ಆಪ್ ಕೂಗಬೇಕು. ಆಫ್ ಮಾಡಿದೆ ಅಂದ ತಕ್ಷಣ ತೆಪ್ಪಗಾಗಬೇಕು.

ಸೌಂಡ್ ಬೇಕಾ, ಪ್ಲೇಯರ್ ಬೇಕಾ?

ಡಿಸೈನರ್‌ನ ಮೀಡಿಯಾ ಪಟ್ಟಿಯಲ್ಲಿ ಸದ್ದು ಬಾರಿಸುವ ಎರಡು ಸಾಮಾನು ಇವೆ: ಸೌಂಡ್ ಮತ್ತು ಪ್ಲೇಯರ್. ಹೊಸಬರು ಹೆಸರು ನೋಡಿ ಸೌಂಡ್ ಎಳೆದುಕೊಳ್ಳುತ್ತಾರೆ. ಬಟನ್ ಒತ್ತಿದಾಗ ಟಕ್ ಅನ್ನಿಸಲು, ಆಟದಲ್ಲಿ ಅಂಕ ಸಿಕ್ಕಾಗ ಟಿಣ್ ಅನ್ನಿಸಲು ಅದು ಸರಿ. ಅದರಲ್ಲಿ ಮಿನಿಮಮ್ ಇಂಟರ್ವಲ್ ಅಂತ ಒಂದು ಗುಣ ಇದೆ, ಮೊದಲಿಗೆ 500 ಮಿಲಿಸೆಕೆಂಡ್ ಇರುತ್ತದೆ. ಒಂದು ಸಲ ಬಾರಿಸಿದ ಮೇಲೆ ಅರ್ಧ ಸೆಕೆಂಡ್ ಒಳಗೆ ಮತ್ತೆ ಬಾರಿಸು ಅಂದರೆ ಕೇಳುವುದಿಲ್ಲ. ಬಟನ್ ಬೇಗ ಬೇಗ ಒತ್ತಿದಾಗ ಕೆಲವು ಸಲ ಸದ್ದೇ ಬರುವುದಿಲ್ಲ ಎಂದು ದೂರುವವರು ಮೊದಲು ನೋಡಬೇಕಾದ್ದು ಈ ಅಂಕಿಯನ್ನು.

ಆದರೆ ಸೌಂಡ್‌ಗೆ ವಾಲ್ಯೂಮ್ ಇಲ್ಲ, ಲೂಪ್ ಇಲ್ಲ. ನಮ್ಮ ಅಲರ್ಟ್‌ಗೆ ಎರಡೂ ಬೇಕು. ಹಾಗಾಗಿ ಪ್ಲೇಯರ್ ತೆಗೆದುಕೊಳ್ಳಿ. ಅದರಲ್ಲಿ ಸ್ಟಾರ್ಟ್, ಪಾಸ್, ಸ್ಟಾಪ್ ಇವೆ. ವಾಲ್ಯೂಮ್ 0ರಿಂದ 100ರವರೆಗೆ ಇಡಬಹುದು. ಲೂಪ್‌ಗೆ ಟಿಕ್ ಹಾಕಿದರೆ ನಿಲ್ಲಿಸುವವರೆಗೂ ಸುತ್ತುತ್ತದೆ. ವೈಬ್ರೇಟ್ ಕೂಡ ಇದರಲ್ಲೇ ಇದೆ.

ವಾಲ್ಯೂಮ್ ಬಗ್ಗೆ ಎರಡು ಮಾತು. ಪ್ಲೇಯರ್ ಹೊಸದಾಗಿ ಎಳೆದುಕೊಂಡಾಗ ಅದು 50ರಲ್ಲಿ ಇರುತ್ತದೆ, 100ರಲ್ಲಿ ಅಲ್ಲ. ಇನ್ನೊಂದು, 100 ಅಂದರೆ ಫೋನಿನ ಪೂರ್ತಿ ಸದ್ದು ಅಂತಲ್ಲ. ಫೋನಿನ ಮೀಡಿಯಾ ವಾಲ್ಯೂಮ್ ಎಷ್ಟಿದೆಯೋ ಅಷ್ಟರ ಪೂರ್ತಿ, ಅಷ್ಟೇ. ಫೋನಿನಲ್ಲಿ ಮೀಡಿಯಾ ವಾಲ್ಯೂಮ್ ಸೊನ್ನೆಗೆ ಇಳಿಸಿದ್ದರೆ ನೀವು ಬ್ಲಾಕ್‌ನಲ್ಲಿ 100 ಬರೆದರೂ ಏನೂ ಕೇಳಿಸದು.

ಸೈಲೆಂಟ್ ಮಾಡಿದರೂ ಕೂಗುವುದಕ್ಕೆ ಕಾರಣವೂ ಇದೇ. ಆಂಡ್ರಾಯ್ಡ್‌ನಲ್ಲಿ ರಿಂಗ್, ನೋಟಿಫಿಕೇಶನ್, ಅಲಾರಾಂ, ಮೀಡಿಯಾ ಎಲ್ಲಕ್ಕೂ ಬೇರೆ ಬೇರೆ ದಾರಿ. ಸೈಲೆಂಟ್ ಬಟನ್ ಮುಚ್ಚುವುದು ರಿಂಗ್, ನೋಟಿಫಿಕೇಶನ್‌ಗಳ ಬಾಯಿ. ಪ್ಲೇಯರ್ ಹಾಡಿನ ಹಾಗೆ ಮೀಡಿಯಾ ದಾರಿಯಲ್ಲಿ ಹೋಗುತ್ತದೆ, ಅದಕ್ಕೆ ಸೈಲೆಂಟ್ ತಾಗುವುದಿಲ್ಲ. ಮೋಟಾರ್ ಟೈಮರ್‌ಗೆ ಇದು ಒಳ್ಳೆಯದೇ ಅನ್ನಿ. ಆದರೆ ಲೈಬ್ರರಿಯಲ್ಲಿ ಕೂತು ಬಳಸುವ ಓದಿನ ಟೈಮರ್‌ಗೆ ಅಲ್ಲ. ಅದಕ್ಕೇ ಆಪ್ ಒಳಗೇ ಒಂದು ಮ್ಯೂಟ್ ಸ್ವಿಚ್ ಇರಬೇಕು ಅನ್ನುವುದು.

ಸಾಮಾನು ಜೋಡಿಸಿ

ಪರದೆಗೆ ಇವನ್ನು ಎಳೆದುಕೊಳ್ಳಿ: ಉಳಿದ ಸಮಯ ತೋರಿಸಲು ಒಂದು ಲೇಬಲ್, ಶುರು, ನಿಲ್ಲಿಸು, ಕೇಳಿ ನೋಡು ಎಂಬ ಮೂರು ಬಟನ್, ಸದ್ದಿಗೊಂದು, ವೈಬ್ರೇಶನ್‌ಗೊಂದು ಸ್ವಿಚ್, ವಾಲ್ಯೂಮ್‌ಗೆ ಒಂದು ಸ್ಲೈಡರ್. ಕಣ್ಣಿಗೆ ಕಾಣದ ಸಾಮಾನು ಐದು: ಪ್ಲೇಯರ್1, ಕ್ಲಾಕ್1, ಕ್ಲಾಕ್2, ಡೈಲಾಗ್ (ಪರದೆಯ ಮೇಲೆ ಬರುವ ಚಿಕ್ಕ ಪೆಟ್ಟಿಗೆ) ತೋರಿಸಲು ನೋಟಿಫೈಯರ್1, ಸೆಟ್ಟಿಂಗ್ ಫೋನಿನಲ್ಲಿ ಉಳಿಸಿಡಲು ಟೈನಿಡಿಬಿ1. ಕ್ಲಾಕ್ ಹುಡುಕಿದರೆ ಸಿಗುವುದು ಸೆನ್ಸರ್‌ಗಳ ಪಟ್ಟಿಯಲ್ಲಿ. ಅಲ್ಲಿ ಯಾಕಿದೆ ಅಂತ ಕೇಳಬೇಡಿ.

ಈಗ ಗುಣಗಳನ್ನು ಸರಿಮಾಡಿ. ಎರಡೂ ಕ್ಲಾಕ್‌ಗಳಲ್ಲಿ ಟೈಮರ್ ಎನೇಬಲ್ಡ್ ಟಿಕ್ ತೆಗೆಯಿರಿ. ಇದು ಮೊದಲಿನಿಂದಲೇ ಟಿಕ್ ಆಗಿರುತ್ತದೆ, ಅಂದರೆ ಆಪ್ ತೆರೆದ ಕ್ಷಣದಿಂದ ಕ್ಲಾಕ್ ಓಡಲು ಶುರು. ಯಾರೂ ಬಟನ್ ಒತ್ತದೆಯೇ ಆಪ್ ಕೂಗುತ್ತಿದ್ದರೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಇದೇ. ಟೈಮರ್ ಇಂಟರ್ವಲ್ ಕ್ಲಾಕ್1ಕ್ಕೆ 1000 ಇರಲಿ, ಕ್ಲಾಕ್2ಕ್ಕೆ 2000 ಮಾಡಿ. ಅಲ್ಲಿ ಲೆಕ್ಕ ಮಿಲಿಸೆಕೆಂಡಿನಲ್ಲಿ.

ಸ್ಲೈಡರ್ ತಾನಾಗಿ 10ರಿಂದ 50ರವರೆಗೆ ಮಾತ್ರ ಓಡುತ್ತದೆ. ಅದನ್ನು ಹಾಗೇ ಬಿಟ್ಟರೆ ಪೂರ್ತಿ ಬಲಕ್ಕೆ ಎಳೆದರೂ ಸದ್ದು ಅರ್ಧಕ್ಕೇ ನಿಲ್ಲುತ್ತದೆ. ಮ್ಯಾಕ್ಸ್ ವ್ಯಾಲ್ಯೂ 100 ಮಾಡಿ. ಮಿನ್ ವ್ಯಾಲ್ಯೂ ಸೊನ್ನೆ ಮಾಡಲು ಕೈ ಹೋಗುತ್ತದೆ, ನಾನು 20 ಮಾಡಿ ಅನ್ನುತ್ತೇನೆ. ಸದ್ದೇ ಬೇಡ ಅನ್ನುವವರಿಗೆ ಸ್ವಿಚ್ ಇದೆ. ಸ್ವಿಚ್ ಆನ್ ಇದ್ದೂ ಸ್ಲೈಡರ್ ಸೊನ್ನೆಯಲ್ಲಿ ಕೂತರೆ ಬಳಸುವವರಿಗೆ ಗೊತ್ತೇ ಆಗದೆ ಟ್ಯಾಂಕ್ ತುಂಬಿ ಹರಿಯುತ್ತದೆ.

ಸದ್ದಿನ ಫೈಲ್ ಚಿಕ್ಕದಿರಲಿ, ಮೂರರಿಂದ ಐದು ಸೆಕೆಂಡ್ ಸಾಕು. ಲೂಪ್ ಮಾಡುವುದರಿಂದ ಉದ್ದ ಬೇಕಿಲ್ಲ. ಎಂಪಿ3 ಸುತ್ತುವಾಗ ಕೊನೆಗೂ ಮೊದಲಿಗೂ ನಡುವೆ ಚೂರು ಬಿಡುವು ಕೇಳಿಸುತ್ತದೆ. ಅದು ಕಿರಿಕಿರಿ ಅನ್ನಿಸಿದರೆ ವೇವ್ ಅಥವಾ ಓಗ್ ಫೈಲ್ ಹಾಕಿ. ಫೈಲ್ ಹೆಸರಿನಲ್ಲಿ ಕನ್ನಡ ಅಕ್ಷರ, ಖಾಲಿ ಜಾಗ ಬೇಡ. ಇಂಗ್ಲಿಷಿನ ಸಣ್ಣ ಅಕ್ಷರ, ಅಂಕಿ ಮಾತ್ರ ಇರಲಿ. ಲೇಬಲ್, ಬಟನ್‌ಗಳ ಮೇಲೆ ಕಾಣುವ ಬರಹ ಮಾತ್ರ ಧಾರಾಳವಾಗಿ ಕನ್ನಡದಲ್ಲೇ ಇರಬಹುದು.

ಇನ್ನೊಂದು ಸಲಹೆ. ಬೀಪ್ ಸದ್ದಿಗೆ ಮನೆಯವರು ಕಿವಿಗೊಡುವುದಿಲ್ಲ. ಗ್ಯಾಸ್, ಮಿಕ್ಸಿ, ಟಿವಿ ನಡುವೆ ಅದೂ ಒಂದು ಬೀಪ್. ಫೋನಿನ ರೆಕಾರ್ಡರ್‌ನಲ್ಲಿ "ಅಮ್ಮಾ, ಮೋಟಾರ್ ಆಫ್ ಮಾಡು!" ಅಂತ ನಿಮ್ಮ ದನಿಯಲ್ಲೇ ಹೇಳಿ, ಆ ಫೈಲನ್ನೇ ಮೀಡಿಯಾಗೆ ಅಪ್‌ಲೋಡ್ ಮಾಡಿ, ಪ್ಲೇಯರ್1ರ ಸೋರ್ಸ್‌ನಲ್ಲಿ ಅದನ್ನು ಆರಿಸಿ. ಅದಕ್ಕೆ ಅಡುಗೆಮನೆಯಿಂದ ಎದ್ದು ಬರುತ್ತಾರೆ, ನೋಡಿ.

ಬ್ಲಾಕ್‌ಗಳಿಗೆ ಬನ್ನಿ: ಮೊದಲು ಸಮಯ

ಬಹಳ ಜನ ಒಂದು ವೇರಿಯಬಲ್‌ನಲ್ಲಿ (ಬೆಲೆ ಇಟ್ಟುಕೊಳ್ಳುವ ಡಬ್ಬಿ ಅನ್ನಿ) 1200 ಸೆಕೆಂಡ್ ಇಟ್ಟು, ಕ್ಲಾಕ್ ಒಂದೊಂದು ಸಲ ಬಡಿದಾಗಲೂ ಒಂದು ಕಳೆಯುತ್ತಾರೆ. ನೋಡಲು ಸರಿಯಾಗಿಯೇ ಓಡುತ್ತದೆ. ಆದರೆ ಫೋನ್ ಸ್ವಲ್ಪ ಹೊತ್ತು ಆಪನ್ನು ಮಲಗಿಸಿದರೆ ಆ ಬಡಿತಗಳು ತಪ್ಪುತ್ತವೆ, ಲೆಕ್ಕ ಹಿಂದೆ ಬೀಳುತ್ತದೆ. ಬಡಿತ ಎಣಿಸಬೇಡಿ, ಗಡಿಯಾರ ನೋಡಿ.

ಮುಗಿಯುವ ಹೊತ್ತಿಗೆ ಒಂದು ಗ್ಲೋಬಲ್ ವೇರಿಯಬಲ್ ಮಾಡಿ. ಶುರು ಬಟನ್ ಕ್ಲಿಕ್ ಆದಾಗ ಅದರಲ್ಲಿ ಕ್ಲಾಕ್1.ಸಿಸ್ಟಮ್ ಟೈಮ್‌ಗೆ 20 × 60000 ಕೂಡಿಸಿ ಇಡಿ. ಸಿಸ್ಟಮ್ ಟೈಮ್ ಕೊಡುವುದು ಫೋನಿನ ಗಡಿಯಾರದ ಮಿಲಿಸೆಕೆಂಡ್, ಒಂದು ನಿಮಿಷಕ್ಕೆ 60000. ಆಮೇಲೆ ಕ್ಲಾಕ್1.ಟೈಮರ್ ಎನೇಬಲ್ಡ್ ಅನ್ನು ಟ್ರೂ ಮಾಡಿ.

ಕ್ಲಾಕ್1.ಟೈಮರ್ ಒಳಗೆ ಒಂದು ಇಫ್ ಬ್ಲಾಕ್: ಈಗಿನ ಸಿಸ್ಟಮ್ ಟೈಮ್ ಮುಗಿಯುವ ಹೊತ್ತಿಗೆ ಸಮ ಅಥವಾ ಹೆಚ್ಚಾಗಿದ್ದರೆ ಅಲರ್ಟ್. ಇಲ್ಲದಿದ್ದರೆ ಎರಡರ ವ್ಯತ್ಯಾಸವನ್ನು 1000ದಿಂದ ಭಾಗಿಸಿ, ರೌಂಡ್ ಮಾಡಿ ಲೇಬಲ್‌ನಲ್ಲಿ ತೋರಿಸಿ. "ಸಮ" ಅಂತ ಮಾತ್ರ ಹಾಕಿದರೆ ಆಗದು. ಕ್ಲಾಕ್ ಸರಿಯಾಗಿ ಅದೇ ಮಿಲಿಸೆಕೆಂಡಿಗೆ ಬಡಿಯುವುದಿಲ್ಲ, ಅಲರ್ಟ್ ಬರುವುದೇ ಇಲ್ಲ.

ಅಲರ್ಟ್ ಕಡೆ ಮೊಟ್ಟಮೊದಲ ಬ್ಲಾಕ್ ಯಾವುದಿರಬೇಕು ಗೊತ್ತಾ? ಕ್ಲಾಕ್1.ಟೈಮರ್ ಎನೇಬಲ್ಡ್ ಅನ್ನು ಫಾಲ್ಸ್ ಮಾಡುವುದು. ಅದು ಇಲ್ಲದಿದ್ದರೆ ಒಂದು ಸೆಕೆಂಡ್ ಬಿಟ್ಟು ಮತ್ತೆ ಅದೇ ಇಫ್ ನಿಜವಾಗುತ್ತದೆ, ಮತ್ತೊಂದು ಡೈಲಾಗ್, ಮತ್ತೊಂದು. ಹತ್ತು ಸೆಕೆಂಡ್ ತಡವಾಗಿ ಫೋನ್ ಎತ್ತಿಕೊಂಡವರು ಹತ್ತು ಡೈಲಾಗ್ ಮುಚ್ಚಬೇಕು.

ಕೂಗು ಮತ್ತು ಸುಮ್ಮನಾಗು

ಎರಡು ಪ್ರೊಸೀಜರ್, ಅಂದರೆ ಹೆಸರಿಟ್ಟು ಬೇಕೆಂದಾಗ ಕರೆಯುವ ಬ್ಲಾಕ್ ಗುಂಪು, ಮಾಡಿ. ಒಂದರ ಹೆಸರು ಕೂಗು, ಇನ್ನೊಂದರದ್ದು ಸುಮ್ಮನಾಗು ಅಂತಿಟ್ಟುಕೊಳ್ಳೋಣ. ಕ್ಲಾಕ್1ರ ಅಲರ್ಟ್ ಕಡೆ, ಆ ಫಾಲ್ಸ್ ಆದ ಮೇಲೆ ಕೂಗು ಕರೆಯಿರಿ. ನಿಲ್ಲಿಸು ಬಟನ್‌ಗೆ ಸುಮ್ಮನಾಗು ಕೊಡಿ. ಪೂರ್ತಿ ಆಪ್‌ನಲ್ಲಿ ಅಲರ್ಟ್ ಶುರುವಾಗುವುದು ಒಂದರಿಂದ ಮಾತ್ರ, ನಿಲ್ಲುವುದು ಇನ್ನೊಂದರಿಂದ ಮಾತ್ರ. ಅಲ್ಲೊಂದು ಸ್ಟಾಪ್, ಇಲ್ಲೊಂದು ಸ್ಟಾಪ್ ಚೆಲ್ಲಿದರೆ ಎಲ್ಲೋ ಒಂದು ಕಡೆ ಮರೆತೇ ಮರೆಯುತ್ತೀರಿ. ಸದ್ದು ನಿಂತರೂ ವೈಬ್ರೇಶನ್ ನಿಲ್ಲದ ಆಪ್‌ಗಳು ಹುಟ್ಟುವುದು ಹೀಗೆ.

ಕೂಗು ಒಳಗೆ ಈ ಕ್ರಮದಲ್ಲಿ ಇಡಿ. ಸದ್ದಿನ ಸ್ವಿಚ್ ಆನ್ ಇದ್ದರೆ ಪ್ಲೇಯರ್1.ವಾಲ್ಯೂಮ್ ಇಡಿ, ಲೂಪ್ ಟ್ರೂ ಮಾಡಿ, ಆಮೇಲೆ ಸ್ಟಾರ್ಟ್. ವಾಲ್ಯೂಮ್ ಮೊದಲೇ ಇಟ್ಟಿದ್ದೇನಲ್ಲ ಅಂತ ಬಿಡಬೇಡಿ. ಪ್ಲೇಯರ್‌ನ ಸೋರ್ಸ್ ಬದಲಿಸುವ ಆಪ್‌ಗಳಲ್ಲಂತೂ ಸೋರ್ಸ್ ಮೊದಲು, ವಾಲ್ಯೂಮ್ ಆಮೇಲೆ, ಪ್ರತಿ ಸಲವೂ. ಸ್ವಿಚ್‌ನ ಇಫ್ ಮುಗಿದ ಮೇಲೆ ಒಂದು ಲೆಕ್ಕದ ವೇರಿಯಬಲ್ ಸೊನ್ನೆ ಮಾಡಿ, ಕ್ಲಾಕ್2 ಶುರು ಮಾಡಿ. ಕೊನೆಗೆ ನೋಟಿಫೈಯರ್1.ಶೋ ಚೂಸ್ ಡೈಲಾಗ್.

ಕ್ಲಾಕ್2ರ ಕೆಲಸ ಎರಡು. ಪ್ರತಿ ಎರಡು ಸೆಕೆಂಡಿಗೆ, ವೈಬ್ರೇಶನ್ ಸ್ವಿಚ್ ಆನ್ ಇದ್ದರೆ ಪ್ಲೇಯರ್1.ವೈಬ್ರೇಟ್‌ಗೆ 500 ಕೊಡುತ್ತದೆ. ವೈಬ್ರೇಟ್ ಬ್ಲಾಕ್ ಒಂದು ಸಲ ನಡುಗಿಸಿ ಸುಮ್ಮನಾಗುತ್ತದೆ, ತಾನಾಗಿ ಸುತ್ತುವುದಿಲ್ಲ, ಅದಕ್ಕೇ ಈ ಏರ್ಪಾಡು. ಎರಡನೆಯದು, ಲೆಕ್ಕಕ್ಕೆ ಒಂದು ಕೂಡಿಸುತ್ತದೆ. ಲೆಕ್ಕ 60 ಮುಟ್ಟಿದರೆ ಸುಮ್ಮನಾಗು. ಅಂದರೆ ಎರಡು ನಿಮಿಷ ಕೂಗಿ ತಾನೇ ನಿಲ್ಲುತ್ತದೆ. ಫೋನ್ ಮನೆಯಲ್ಲಿ ಬಿಟ್ಟು ಅಂಗಡಿಗೆ ಹೋದರೆ ಗಂಟೆಗಟ್ಟಲೆ ಕೂಗುತ್ತಾ ಬ್ಯಾಟರಿ ಮುಗಿಸುವ ಆಪ್ ಯಾರಿಗೂ ಬೇಡ. ಪಕ್ಕದ ಮನೆಯವರಿಗಂತೂ ಬೇಡವೇ ಬೇಡ.

ಸುಮ್ಮನಾಗು ಒಳಗೆ ನಾಲ್ಕೇ ಸಾಲು: ಪ್ಲೇಯರ್1.ಸ್ಟಾಪ್, ಕ್ಲಾಕ್1 ಫಾಲ್ಸ್, ಕ್ಲಾಕ್2 ಫಾಲ್ಸ್, ಲೆಕ್ಕ ಸೊನ್ನೆ. ಪಾಸ್ ಬೇಡ, ಸ್ಟಾಪ್ ಇರಲಿ. ಪಾಸ್ ಮಾಡಿದರೆ ಮುಂದಿನ ಸಲ ದನಿ ಅರ್ಧ ಮಾತಿನಿಂದ ಶುರುವಾಗುತ್ತದೆ: "...ಟಾರ್ ಆಫ್ ಮಾಡು!"

ಡೈಲಾಗ್ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ನೋಟಿಫೈಯರ್‌ನಲ್ಲಿ ಶೋ ಅಲರ್ಟ್ ಅಂತ ಒಂದು ಬ್ಲಾಕ್ ಇದೆ. ಹೆಸರು ಕೇಳಿ ಮೋಸ ಹೋಗಬೇಡಿ. ಅದಕ್ಕೆ ಸದ್ದಿಲ್ಲ, ಎರಡು ಮೂರು ಸೆಕೆಂಡ್ ಅಕ್ಷರ ತೋರಿಸಿ ಮಾಯವಾಗುತ್ತದೆ. ಶೋ ಮೆಸೇಜ್ ಡೈಲಾಗ್ ನಿಲ್ಲುತ್ತದೆ, ಆದರೆ ಯಾವಾಗ ಮುಚ್ಚಿದರು ಅಂತ ಹೇಳುವುದಿಲ್ಲ. ಶೋ ಚೂಸ್ ಡೈಲಾಗ್ ಮಾತ್ರ ಯಾವ ಬಟನ್ ಒತ್ತಿದರು ಎಂದು ಆಫ್ಟರ್ ಚೂಸಿಂಗ್ ಈವೆಂಟ್‌ಗೆ ತಿಳಿಸುತ್ತದೆ. ನಮಗೆ ಬೇಕಾದದ್ದು ಅದೇ. ಒಂದು ಬಟನ್‌ಗೆ "ಆಫ್ ಮಾಡಿದೆ", ಇನ್ನೊಂದಕ್ಕೆ "ಇನ್ನೂ 5 ನಿಮಿಷ" ಅಂತ ಕೊಡಿ. ಕ್ಯಾನ್ಸಲಬಲ್ ಜಾಗಕ್ಕೆ ಫಾಲ್ಸ್ ಹಾಕಿ, ಇಲ್ಲದಿದ್ದರೆ ಮೂರನೆಯದೊಂದು ಬಟನ್ ತಾನಾಗಿ ಬಂದು ಕೂರುತ್ತದೆ.

ಎಲ್ಲರೂ ಎಡವುವ ಜಾಗ ಇನ್ನೊಂದಿದೆ. ಡೈಲಾಗ್ ಬ್ಲಾಕ್‌ನ ಕೆಳಗೇ ಸುಮ್ಮನಾಗು ಇಟ್ಟರೆ ಸದ್ದು ಹುಟ್ಟುವ ಮೊದಲೇ ಸಾಯುತ್ತದೆ. ಡೈಲಾಗ್ ಯಾರ ಉತ್ತರಕ್ಕೂ ಕಾಯುವುದಿಲ್ಲ. ಪರದೆಗೆ ಬಂದ ತಕ್ಷಣ ಕೆಳಗಿನ ಬ್ಲಾಕ್‌ಗಳು ಓಡಿಬಿಡುತ್ತವೆ. ನಿಲ್ಲಿಸುವ ಕೆಲಸ ಏನಿದ್ದರೂ ಆಫ್ಟರ್ ಚೂಸಿಂಗ್ ಒಳಗೇ ಆಗಬೇಕು. ಅಲ್ಲಿ ಮೊದಲು ಸುಮ್ಮನಾಗು ಕರೆಯಿರಿ. ಆಮೇಲೆ, ಚಾಯ್ಸ್ "ಇನ್ನೂ 5 ನಿಮಿಷ" ಆಗಿದ್ದರೆ ಮುಗಿಯುವ ಹೊತ್ತನ್ನು ಈಗಿನಿಂದ 5 × 60000 ಮುಂದಕ್ಕೆ ಇಟ್ಟು ಕ್ಲಾಕ್1 ಮತ್ತೆ ಶುರು ಮಾಡಿ. ಬಟನ್‌ನ ಬರಹ, ಹೋಲಿಸುವ ಬರಹ ಎರಡೂ ಅಕ್ಷರಶಃ ಒಂದೇ ಇರಬೇಕು. ಕೊನೆಯಲ್ಲಿ ಒಂದು ಖಾಲಿ ಜಾಗ ಜಾಸ್ತಿ ಇದ್ದರೂ ಹೊಂದುವುದಿಲ್ಲ. ಕನ್ನಡದಲ್ಲಿ ಟೈಪ್ ಮಾಡುವವರಿಗೆ ಸುರಕ್ಷಿತ ದಾರಿ: ಬರಹವನ್ನು ಒಂದು ವೇರಿಯಬಲ್‌ನಲ್ಲಿ ಇಟ್ಟು ಎರಡೂ ಕಡೆ ಅದನ್ನೇ ಹಾಕುವುದು.

ಸೆಟ್ಟಿಂಗ್ ನೆನಪಿಡುವುದು

ಸ್ವಿಚ್ ಬದಲಾದಾಗ ಬರುವ ಚೇಂಜ್ಡ್ ಈವೆಂಟ್‌ನಲ್ಲಿ ಸ್ವಿಚ್‌ನ ಆನ್ ಬೆಲೆಯನ್ನು ಟೈನಿಡಿಬಿ1.ಸ್ಟೋರ್ ವ್ಯಾಲ್ಯೂಗೆ ಕೊಡಿ. ಸ್ಲೈಡರ್‌ನ ಪೊಸಿಷನ್ ಚೇಂಜ್ಡ್‌ನಲ್ಲೂ ಹಾಗೇ, ಆದರೆ ಮೊದಲು ರೌಂಡ್ ಬ್ಲಾಕ್ ಹಾಕಿ. ಸ್ಲೈಡರ್ ಕೊಡುವುದು 63.4 ತರಹದ ಅಂಕಿ, ವಾಲ್ಯೂಮ್‌ಗೆ ಬೇಕಾದದ್ದು ಪೂರ್ಣ ಅಂಕಿ. ಕೇಳಿ ನೋಡು ಬಟನ್‌ಗೆ ಲೂಪ್ ಫಾಲ್ಸ್ ಮಾಡಿ, ಈಗಿನ ವಾಲ್ಯೂಮ್ ಇಟ್ಟು, ಸ್ಟಾರ್ಟ್ ಕೊಡಿ. 20 ನಿಮಿಷ ಕಾಯದೆ ಸದ್ದು ಎಷ್ಟಿದೆ ಅಂತ ಗೊತ್ತಾಗುತ್ತದೆ.

ಸ್ಕ್ರೀನ್1.ಇನಿಶಿಯಲೈಸ್‌ನಲ್ಲಿ ಇವನ್ನು ಗೆಟ್ ವ್ಯಾಲ್ಯೂ ಮೂಲಕ ವಾಪಸ್ ತನ್ನಿ. ಅದರಲ್ಲಿ ಎರಡನೇ ಜಾಗ ಒಂದಿದೆ, ಟ್ಯಾಗ್ (ಬೆಲೆ ಉಳಿಸುವಾಗ ಅದಕ್ಕೆ ಕೊಟ್ಟ ಹೆಸರು) ಸಿಗದಿದ್ದರೆ ಏನು ಕೊಡಬೇಕು ಅಂತ. ಅಲ್ಲಿ ಸುಮ್ನೆ ಖಾಲಿ ಬರಹದ ಬ್ಲಾಕ್ ಕೂತಿರುತ್ತದೆ. ಅದನ್ನು ತೆಗೆದು ಸ್ವಿಚ್‌ಗೆ ಟ್ರೂ, ಸ್ಲೈಡರ್‌ಗೆ 70 ಹಾಕಿ. ಖಾಲಿ ಬಿಟ್ಟರೆ ಹೊಸದಾಗಿ ಇನ್‌ಸ್ಟಾಲ್ ಮಾಡಿದವರ ಫೋನಿನಲ್ಲಿ ಮೊದಲ ಸಲ ತೆರೆದಾಗಲೇ ಎರರ್. ನಿಮ್ಮ ಫೋನಿನಲ್ಲಿ ಬೆಲೆ ಆಗಲೇ ಉಳಿದಿರುವುದರಿಂದ ನಿಮಗೆ ಅದು ಕಾಣುವುದೇ ಇಲ್ಲ.

ಹಿಂದಕ್ಕೆ ಹೋಗುವ ಬಟನ್ ಒತ್ತಿದರೆ ಆಪ್ ಮುಚ್ಚಿ ಟೈಮರ್ ಸತ್ತುಹೋಗುತ್ತದೆ. ಸ್ಕ್ರೀನ್1.ಬ್ಯಾಕ್ ಪ್ರೆಸ್ಡ್ ಈವೆಂಟ್ ಎಳೆದುಕೊಂಡರೆ ಸಾಕು, ಆಪ್ ತಾನಾಗಿ ಮುಚ್ಚುವುದು ನಿಲ್ಲುತ್ತದೆ. ಅದರೊಳಗೆ, ಕ್ಲಾಕ್1 ಓಡುತ್ತಿದ್ದರೆ "ಟೈಮರ್ ಓಡ್ತಿದೆ" ಎಂದು ಶೋ ಅಲರ್ಟ್ ಮಾಡಿ. ಓಡುತ್ತಿಲ್ಲದಿದ್ದರೆ ಕ್ಲೋಸ್ ಅಪ್ಲಿಕೇಶನ್ ಬ್ಲಾಕ್ ಹಾಕಿ.

ಫೋನಿನಲ್ಲಿ ಹಾಕಿ ನೋಡುವಾಗ

ಕನೆಕ್ಟ್ ಮೆನುವಿನಲ್ಲಿ ಎಐ ಕಂಪ್ಯಾನಿಯನ್ ಆರಿಸಿ, ಬರುವ ಕ್ಯೂಆರ್ ಕೋಡನ್ನು ಫೋನಿನ ಕಂಪ್ಯಾನಿಯನ್ ಆಪ್‌ನಿಂದ (ಮಾಡುತ್ತಿರುವ ಆಪನ್ನು ಬಿಲ್ಡ್ ಮಾಡದೆಯೇ ಫೋನಿನಲ್ಲಿ ಓಡಿಸಿ ತೋರಿಸುವ ಆಪ್ ಇದು) ಸ್ಕ್ಯಾನ್ ಮಾಡಿ. 20 ನಿಮಿಷದ ಬದಲು ತಾತ್ಕಾಲಿಕವಾಗಿ 10000 ಮಿಲಿಸೆಕೆಂಡ್ ಇಟ್ಟುಕೊಳ್ಳಿ. ಸೈಲೆಂಟ್ ಹಾಕಿ ನೋಡಿ, ಮೀಡಿಯಾ ವಾಲ್ಯೂಮ್ ಸೊನ್ನೆ ಮಾಡಿ ನೋಡಿ, ಹೋಮ್ ಒತ್ತಿ ಬೇರೆ ಆಪ್‌ಗೆ ಹೋಗಿ ನೋಡಿ. ಕಿವಿಗೆ ಹಾಕುವ ಬ್ಲೂಟೂತ್ ಇದ್ದರೆ ಅದನ್ನೂ ಜೋಡಿಸಿ ನೋಡಿ. ಮೀಡಿಯಾ ಸದ್ದು ಪೂರ್ತಿ ಅತ್ತ ಹೋಗುತ್ತದೆ, ಮೇಜಿನ ಮೇಲಿನ ಫೋನ್ ಮೂಕ. ವೈಬ್ರೇಶನ್ ಸ್ವಿಚ್ ಮೊದಲಿನಿಂದಲೇ ಆನ್ ಇಡಿ ಅನ್ನುವುದಕ್ಕೆ ಇದೂ ಒಂದು ಕಾರಣ.

ಕಂಪ್ಯಾನಿಯನ್‌ನಲ್ಲಿ ಓಡುವ ನಿಮ್ಮ ಎಲ್ಲ ಪ್ರಾಜೆಕ್ಟ್‌ಗಳಿಗೂ ಟೈನಿಡಿಬಿ ಒಂದೇ. ಹಳೆಯ ಕ್ವಿಜ್ ಆಪ್‌ನಲ್ಲಿ ಇದೇ ಟ್ಯಾಗ್ ಬಳಸಿದ್ದರೆ ಅದರ ಬೆಲೆ ಇಲ್ಲಿ ಇಣುಕುತ್ತದೆ. ಹೊಸ ಪ್ರಾಜೆಕ್ಟ್ ಶುರು ಮಾಡುವ ಮುಂಚೆ ಫೋನ್ ಸೆಟ್ಟಿಂಗ್ಸ್‌ನಲ್ಲಿ ಕಂಪ್ಯಾನಿಯನ್ ಆಪ್‌ನ ಡೇಟಾ ಅಳಿಸಿ. ಮೇಲೆ ಹೇಳಿದ ಮೊದಲ ಸಲದ ಎರರ್ ಇದ್ದರೆ ಅದೂ ಆಗಲೇ ಸಿಕ್ಕಿಬೀಳುತ್ತದೆ. ಬಿಲ್ಡ್ ಮಾಡಿ ಇನ್‌ಸ್ಟಾಲ್ ಮಾಡಿದ ಆಪ್‌ಗೆ ತನ್ನದೇ ಟೈನಿಡಿಬಿ ಇರುತ್ತದೆ, ಅಲ್ಲಿ ಈ ಗೊಂದಲ ಇಲ್ಲ.

ಪ್ಲೇಯರ್‌ನಲ್ಲಿ ಪ್ಲೇ ಓನ್ಲಿ ಇನ್ ಫೋರ್‌ಗ್ರೌಂಡ್ ಅಂತ ಒಂದು ಟಿಕ್ ಇದೆ. ಆಟದ ಹಿನ್ನೆಲೆ ಸಂಗೀತಕ್ಕೆ ಅದನ್ನು ಹಾಕಿ. ಆಪ್ ಬಿಟ್ಟು ಹೊರಗೆ ಹೋದಾಗ ಸಂಗೀತ ತಡೆಯುತ್ತದೆ. ಟೈಮರ್‌ಗೆ ಹಾಕಬೇಡಿ.

ಇನ್ನು ಈ ಆಪ್‌ನ ಮಿತಿ. 2015ರಲ್ಲಿ ಬಂದ ಆಂಡ್ರಾಯ್ಡ್ 6.0ರಿಂದ ಡೋಜ್ ಎಂಬ ವ್ಯವಸ್ಥೆ ಇದೆ. ಪರದೆ ಆರಿಸಿ, ಚಾರ್ಜಿಗೂ ಹಾಕದೆ ಫೋನನ್ನು ಒಂದು ಕಡೆ ಇಟ್ಟರೆ, ಬ್ಯಾಟರಿ ಉಳಿಸಲು ಅದು ಆಪ್‌ಗಳನ್ನು ಮಲಗಿಸುತ್ತದೆ. ಕ್ಲಾಕ್‌ನಲ್ಲಿ ಟೈಮರ್ ಆಲ್ವೇಸ್ ಫೈರ್ಸ್ ಟಿಕ್ ಇದ್ದರೂ ಫೋನ್ ಒಪ್ಪಬೇಕಲ್ಲ. ಸಿಸ್ಟಮ್ ಟೈಮ್ ಬಳಸಿದ್ದರಿಂದ ಎದ್ದ ತಕ್ಷಣ ಲೆಕ್ಕ ಸರಿಯಾಗಿರುತ್ತದೆ, ಆದರೆ ಕೂಗು ತಡವಾಗಬಹುದು. ಹಾಗಾಗಿ ಟೈಮರ್ ಓಡುವಾಗ ಫೋನನ್ನು ಚಾರ್ಜಿಗೆ ಹಾಕಿ, ಪರದೆ ಆರುವ ಸಮಯವನ್ನು ಫೋನ್ ಸೆಟ್ಟಿಂಗ್ಸ್‌ನಲ್ಲಿ ಹೆಚ್ಚಿಸಿ, ಆಪ್ ತೆರೆದೇ ಇಡಿ. ಟ್ಯಾಂಕ್ ನೀರಿಗೆ ಇಷ್ಟು ಸಾಕು. ಅಜ್ಜಿಯ ಮಾತ್ರೆ ಹೊತ್ತಿಗೆ ಇದನ್ನು ನೆಚ್ಚಬೇಡಿ, ಫೋನಿನ ಜೊತೆ ಬಂದಿರುವ ಅಲಾರಾಂ ಇಡಿ.